ಓದುಗರ ಪ್ರಶ್ನೆ: ಬಸವಣ್ಣನ ಊರಾಗ ನಿಂತು ‘ಇಲ್ಲ’ ಅನ್ನೋದು ಹೆಂಗ್ರಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಸಂಶಯದ ಸುತ್ತ ತಿರುಗುತ್ತಿದ್ದವು. ಜನಾಭಿಪ್ರಾಯ ಸಮೀಕ್ಷೆಗಳನ್ನು ನಂಬಬೇಕಾ, ಬೇಡವಾ? ನಾನು ವಿಜಯಪುರದವಳು. ಇಲ್ಲಿ, ಬಾಗಲಕೋಟೆ ಮತ್ತು ಬೆಳಗಾವಿ ಕಡೆ 24 ವರ್ಷ ಮನೆ ಮನೆ ತಿರುಗಿ ಪ್ರಶ್ನೆ ಕೇಳುವ ಕೆಲಸ ಮಾಡಿದ್ದೇನೆ. ಮೊದಲು ಫಾರ್ಮು ತುಂಬುತ್ತಿದ್ದೆ, ಆಮೇಲೆ ತುಂಬುವ ಹುಡುಗಿಯರ ಮೇಲ್ವಿಚಾರಕಿಯಾದೆ. ಹಾಗಾಗಿ ಓದಿದ್ದಕ್ಕಿಂತ ಕಟ್ಟೆಯ ಮೇಲೆ ಕೂತು ಕಂಡದ್ದನ್ನೇ ಜಾಸ್ತಿ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಕಾಲೇಜಿನ ಸಮಾಜಶಾಸ್ತ್ರ ವಿಭಾಗದಿಂದ ಓಣಿ ಓಣಿ ತಿರುಗಿ ಸಮೀಕ್ಷೆ ಮಾಡಿದೆವು. ‘ಅಂತರ್ಜಾತಿ ಮದುವೆಗೆ ನಿಮ್ಮ ಒಪ್ಪಿಗೆ ಇದೆಯಾ?’ ಎಂದು ಕೇಳಿದೆವು. ಬಹುತೇಕ ಎಲ್ಲರೂ ಹೌದು ಅಂದರು. ನಮಗೆ ಖುಷಿಯಾಯಿತು. ಆದರೆ ಅದೇ ಓಣಿಯ ಹುಡುಗಿಯೊಬ್ಬಳು ಹೋದ ವರ್ಷ ಬೇರೆ ಜಾತಿಯವನನ್ನು ಮದುವೆಯಾದಳು. ತವರಿನ ಬಾಗಿಲು ಅವಳಿಗೆ ಇನ್ನೂ ತೆರೆದಿಲ್ಲ. ಆ ತವರುಮನೆಯವರೂ ನಮ್ಮ ಫಾರ್ಮಿನಲ್ಲಿ ಹೌದು ಅಂದಿದ್ದಾರೆ! ನಮ್ಮ ಸಮೀಕ್ಷೆ ಸುಳ್ಳಾ, ಜನ ಸುಳ್ಳಾ?
— ಪದವಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಇದೇ ಪೆಟ್ಟು ನನಗೂ ಬಿದ್ದಿದೆ. ಬಸವನ ಬಾಗೇವಾಡಿಯಲ್ಲಿ. ನಡು ಮಧ್ಯಾಹ್ನ, ಬೇವಿನ ಮರದ ನೆರಳಲ್ಲಿ ಹೊರಸಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ನಾನು ಫಾರ್ಮಿನಲ್ಲಿ ಇದ್ದ ಹಾಗೆಯೇ ಓದಿದೆ: “ಅಂತರ್ಜಾತಿ ವಿವಾಹವನ್ನು ನೀವು ಬೆಂಬಲಿಸುತ್ತೀರಾ?” ತಡ ಮಾಡದೆ “ಹೌದ್ರಿ” ಅಂದರು. ಟಿಕ್ ಹಾಕಿದೆ. ಎಲ್ಲ ಮುಗಿದ ಮೇಲೆ ಫಾರ್ಮು ಚೀಲಕ್ಕೆ ಸೇರಿಸಿ, ತಂಬಿಗೆಯ ನೀರು ಕುಡಿದು, ಸುಮ್ನೆ ಮಾತಿಗೆ ಕೂತೆ. ಮೊಮ್ಮಗಳಿಗೆ ವರ ಹುಡುಕುತ್ತಿದ್ದಾರೆ ಅಂತ ಗೊತ್ತಾಯಿತು. “ನಮ್ಮ ಮಂದ್ಯಾಗ ನೋಡಾಕತ್ತೇವ್ರಿ. ಅದರಾಗ ಒಳಪಂಗಡನೂ ಕೂಡಬೇಕಲ್ರಿ, ಅದಕ್ಕ ತಡ ಆಗೈತಿ” ಅಂದರು. ನನ್ನ ಕಣ್ಣು ತಾನಾಗಿಯೇ ಚೀಲದ ಕಡೆ ಹೋಯಿತು. ಅವರು ಅದನ್ನು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದರು: “ಅಕ್ಕಾರ, ಬಸವಣ್ಣನ ಊರಾಗ ನಿಂತು ‘ಇಲ್ಲ’ ಅನ್ನೋದು ಹೆಂಗ್ರಿ?”

ಅವರು ಸುಳ್ಳು ಹೇಳಿದರು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾದದ್ದು, ಅದಕ್ಕೆ ಅವರು ತೆತ್ತ ಬೆಲೆ, ಇದನ್ನೆಲ್ಲ ಪ್ರವಚನದಲ್ಲಿ ಕೇಳುತ್ತ ಬೆಳೆದ ಜೀವ ಅದು. ಸರಿ ಯಾವುದು ಅಂತ ಅವರಿಗೆ ಗೊತ್ತು. ‘ಬೆಂಬಲಿಸುತ್ತೀರಾ’ ಅಂತ ನಾನು ಕೇಳಿದ್ದನ್ನು ಅವರು ‘ಯಾವುದು ಸರಿ’ ಅಂತ ಕೇಳಿಸಿಕೊಂಡರು. ಸರಿಯಾದದ್ದನ್ನೇ ಹೇಳಿದರು. ನಾನು ಅದನ್ನು ‘ಈ ಮನೆಯವರು ಮಾಡುತ್ತಾರೆ’ ಅಂತ ಬರೆದುಕೊಂಡೆ. ತಪ್ಪು ಆ ಟಿಕ್‌ನಲ್ಲಿದೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಜಾತಿ ದಾಟಿ ಆದ ಮದುವೆಗಳು ನೂರಕ್ಕೆ ಸುಮಾರು 5 ಮಾತ್ರ. ಬಾಯಲ್ಲಿ ಬರುವ ಹೌದುಗಳನ್ನು ಈ ಐದರ ಪಕ್ಕದಲ್ಲಿ ಇಟ್ಟು ನೋಡು.

ಇನ್ನೊಂದು ಮಾತು. ನಿಮ್ಮ ಫಾರ್ಮಿನಲ್ಲಿ ಉತ್ತರ ಕೊಟ್ಟವರ ವಿವರ ಇರುತ್ತದೆ, ಕೇಳಿದವರ ವಿವರ ಇರುವುದಿಲ್ಲ, ಅಲ್ವಾ? ಜನ ಮಾತ್ರ ಕೇಳಿದವರನ್ನು ನೋಡಿಯೇ ಉತ್ತರ ಕೊಡುತ್ತಾರೆ. ನಮ್ಮ ಕಡೆ ಕಟ್ಟೆಯ ಮೇಲೆ ಕೂತ ಕೂಡಲೇ ಮೊದಲ ಪ್ರಶ್ನೆ ನಾವು ಕೇಳುವುದಿಲ್ಲ, ಅವರು ಕೇಳುತ್ತಾರೆ: “ಯಾವೂರ್ರಿ ನಿಮ್ದು? ಅಡ್ಡಹೆಸರೇನ್ರಿ?” ಅಡ್ಡಹೆಸರು ಗೊತ್ತಾದರೆ ಜಾತಿ ಗೊತ್ತಾದ ಹಾಗೆ. ಆಮೇಲೆ ಜಾತಿಯ ಬಗ್ಗೆ ಬರುವ ಪ್ರತಿ ಉತ್ತರವೂ ಆ ಅಡ್ಡಹೆಸರಿಗೆ ತಕ್ಕ ಹಾಗೆ ತೂಗಿ ಬರುತ್ತದೆ.

ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ದಲಿತ ಹುಡುಗಿಯೊಬ್ಬಳು ಇದ್ದಳು. ಫಾರ್ಮು ಅವಳ ಕೈಯಲ್ಲಿತ್ತು. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. “ನಿಮ್ಮ ಮನೆಯಲ್ಲಿ ಭೇದ ಭಾವ ಮಾಡುತ್ತೀರಾ?” ಅಂತ ಅವಳು ಕೇಳಿದಳು. “ಛೇ ಛೇ, ಎಲ್ಲಾರೂ ಮನುಷ್ಯಾರ ಅಲ್ಲೇನವಾ” ಅಂದರು ಯಜಮಾನರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಹಾ ಬಂತು. ನನಗೆ ಸ್ಟೀಲಿನ ಕಪ್ಪು ಬಸಿ. ಅವಳಿಗೆ ಪ್ಲಾಸ್ಟಿಕ್ ಕಪ್ಪು, ಕುಡಿದು ಬಿಸಾಕುವಂಥದ್ದು. ಅವಳು ಚಹಾ ಕುಡಿದಳು. ಕಪ್ಪನ್ನು ತಾನೇ ಹೊರಗೆ ಒಯ್ದು ತಿಪ್ಪೆಗೆ ಹಾಕಿದಳು. ವಾಪಸ್ ಬಂದು ‘ಇಲ್ಲ’ ಎನ್ನುವ ಚೌಕದಲ್ಲಿ ಟಿಕ್ ಹಾಕಿದಳು. ನಿಯಮ ಹಾಗೆ, ಹೇಳಿದ್ದನ್ನು ಮಾತ್ರ ಬರೆಯಬೇಕು. ಅವತ್ತು ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಆ ಮಾನವ ಅಭಿವೃದ್ಧಿ ಸಮೀಕ್ಷೆ ಮಾಡಿದವರಿಗೆ ಇದು ಗೊತ್ತಿತ್ತು ಅಂತ ಕಾಣುತ್ತದೆ. ದೆಹಲಿಯ ಎನ್‌ಸಿಎಇಆರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ 42 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿದ್ದರು. ಅಸ್ಪೃಶ್ಯತೆ ಆಚರಿಸುತ್ತೀರಾ ಅಂತ ಮೊದಲು ನೇರವಾಗಿ ಕೇಳಿದರು. ಇಲ್ಲ ಅಂದವರನ್ನು ಅಲ್ಲಿಗೇ ಬಿಡಲಿಲ್ಲ. ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆ ಇದೆಯಾ ಅಂತ ಮತ್ತೆ ಕೇಳಿದರು. ಮೊದಲ ಪ್ರಶ್ನೆಗೆ ಇಲ್ಲ ಅಂದು, ಎರಡನೆಯದಕ್ಕೆ ‘ಅದು ಆಗೋದಿಲ್ಲ’ ಅಂದವರೂ ಸಿಕ್ಕರು. ಮೊದಲೇ ಹೌದು ಅಂದವರು, ಇವರು ಎಲ್ಲ ಸೇರಿ ನೂರಕ್ಕೆ 27 ಮನೆ ಆಯಿತು. ಮೊದಲ ಪ್ರಶ್ನೆಗೇ ನಿಲ್ಲಿಸಿದ್ದರೆ ಲೆಕ್ಕ ಇದಕ್ಕಿಂತ ಕಡಿಮೆ ಬಂದು, ನಾವೆಲ್ಲ ನಮ್ಮ ಬೆನ್ನು ತಟ್ಟಿಕೊಳ್ಳುತ್ತಿದ್ದೆವು.

ಇದು ಉಲ್ಟಾ ಆಗುವುದೂ ಉಂಟು. ಲಾಪಿಯರ್ ಎಂಬ ಪ್ರೊಫೆಸರ್ 1930ರ ದಶಕದಲ್ಲಿ ಚೀನೀ ದಂಪತಿಯನ್ನು ಕರೆದುಕೊಂಡು ಅಮೆರಿಕ ಸುತ್ತಿದರು. ಆಗ ಅಲ್ಲಿ ಚೀನೀಯರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಸುಮಾರು 250 ಹೋಟೆಲು, ಖಾನಾವಳಿಗಳಲ್ಲಿ ಇವರಿಗೆ ಜಾಗವಿಲ್ಲ ಅಂದದ್ದು ಒಂದೇ ಒಂದು ಕಡೆ. ಕೆಲವು ತಿಂಗಳ ನಂತರ ಅವರು ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರನ್ನು ಸೇರಿಸುತ್ತೀರಾ ಅಂತ ಕೇಳಿದರು. ಉತ್ತರ ಬರೆದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಇಲ್ಲ ಅಂದರು. ಕಾಗದಕ್ಕೆ ಇಲ್ಲ ಅನ್ನುವುದು ಸುಲಭ. ಮುಂದೆ ನಿಂತ ದಣಿದ ಮನುಷ್ಯರಿಗೆ ಇಲ್ಲ ಅನ್ನುವುದು ಕಷ್ಟ.

ಆದ್ದರಿಂದ ತಂಗಿ, ಫಾರ್ಮುಗಳನ್ನು ಹರಿಯಬೇಡ. ಅದೇ ಓಣಿಗೆ ಇನ್ನೊಮ್ಮೆ ಹೋಗು. ಈ ಸಲ ಒಪ್ಪಿಗೆ ಕೇಳಬೇಡ, ನಡೆದದ್ದು ಕೇಳು. ನಿಮ್ಮ ಬೀಗರು ನೆಂಟರಲ್ಲಿ ಇಂಥ ಮದುವೆ ಆಗಿದೆಯಾ? ನೀವು ಅಕ್ಷತೆ ಹಾಕಲು ಹೋಗಿದ್ದಿರಾ? ಊಟ ಮಾಡಿದಿರಾ? ಆ ಹುಡುಗಿ ಹಬ್ಬಕ್ಕೆ ತವರಿಗೆ ಬರುತ್ತಾಳಾ? ಮೊದಲು ಬಂದ ಹೌದುಗಳನ್ನೂ ಇಟ್ಟುಕೋ. ಹೌದು ಅನ್ನದಿದ್ದರೆ ಮರ್ಯಾದೆ ಹೋಗುತ್ತದೆ ಅಂತ ಜನರಿಗೆ ಅನಿಸಿದೆಯಲ್ಲ, ಅದನ್ನು ನಾನು ಸಣ್ಣ ವಿಷಯ ಅಂತ ತಿಳಿಯುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಜನ ಮುಖದ ಮೇಲೇ ಇಲ್ಲ ಅನ್ನುತ್ತಿದ್ದರು.

ಪ್ರಶ್ನೆ: ಗಡಿ ವಿಷಯದಲ್ಲಿ ಮೊಬೈಲಿನಲ್ಲಿ ಒಂದು ಪೋಲ್ ಬಂದಿತ್ತು. ನಮ್ಮ ಗುಂಪಿನವರೆಲ್ಲ ಒತ್ತಿದೆವು. ಆ ಕಡೆಯವರೂ ಒತ್ತಿದರು. ಸಾವಿರಗಟ್ಟಲೆ ಮತ ಬಿದ್ದವು. ಇಷ್ಟು ಜನ ಹೇಳಿದ್ದು ತಪ್ಪಾಗಲು ಸಾಧ್ಯವೇ?
— ಬಟ್ಟೆ ವ್ಯಾಪಾರಿ, ಬೆಳಗಾವಿ

ಉತ್ತರ: ಅಣ್ಣಾವ್ರೆ, ಸಾಧ್ಯ. 1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಜನ ತುಂಬಿ ವಾಪಸ್ ಕಳಿಸಿದರು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಹೆಸರುಗಳನ್ನು ಹೆಚ್ಚಾಗಿ ಆರಿಸಿದ್ದು ಟೆಲಿಫೋನು, ಕಾರು ಇದ್ದವರ ಪಟ್ಟಿಯಿಂದ. ಆ ಕಷ್ಟದ ಕಾಲದಲ್ಲಿ ಅವು ಇದ್ದದ್ದು ಉಳ್ಳವರ ಮನೆಯಲ್ಲಿ. ಅದರ ಮೇಲೆ, ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರು ಮುದ್ದಾಂ ಕಾರ್ಡು ತುಂಬಿ ಕಳಿಸಿದರು, ಉಳಿದವರು ಸುಮ್ಮನಿದ್ದರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಇದಕ್ಕಿಂತ ಎಷ್ಟೋ ಕಡಿಮೆ ಜನರನ್ನು, ಆದರೆ ಎಲ್ಲ ಥರದವರನ್ನು ಆರಿಸಿ ಕೇಳಿ ಸರಿಯಾಗಿ ಹೇಳಿದರು. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತೇವೆ. ಬರೀ ಮೇಲಿನ ಅಗುಳನ್ನೇ ನೂರು ಸಲ ಹಿಚುಕಿದರೂ ತಳ ಹತ್ತಿದ್ದು ಗೊತ್ತಾಗುವುದಿಲ್ಲ.

ನಿಮ್ಮ ಪೋಲ್‌ನಲ್ಲಿ ಒತ್ತಿದವರು ನೀವು ಮತ್ತು ಅವರು. ಒತ್ತದೆ ಬಿಟ್ಟವರ ಮಾತು ಹೇಳುತ್ತೇನೆ. ವಡಗಾವಿಯ ನೇಕಾರರ ಓಣಿಯಲ್ಲಿ ಒಂದು ಮನೆ. ಒಳಗೆ ಮಗ್ಗ ಓಡುತ್ತಿತ್ತು, ಮಾತು ಕೇಳಿಸಬೇಕಾದರೆ ಕೂಗಬೇಕು. ಆ ತಾಯಿ ನನ್ನ ಜೊತೆ ಕನ್ನಡ, ಗಂಡನ ಜೊತೆ ಮರಾಠಿ, ಮಗ್ಗದ ಹುಡುಗನ ಜೊತೆ ಎರಡೂ ಬೆರೆಸಿ ಮಾತಾಡುತ್ತಿದ್ದರು. ಗಡಿಯ ಪ್ರಶ್ನೆ ಓದಿದೆ. “ಅದನ್ನೇನ್ ಕೇಳ್ತೀರಿ, ನಳದ ನೀರು ಎಂದ ಬರ್ತದ ಅದನ್ನ ಬರ್ಕೋರಿ” ಅಂದರು. ನನ್ನ ಹಾಳೆಯಲ್ಲಿ ಎರಡೇ ಚೌಕ ಇದ್ದವು, ಈ ಕಡೆ ಒಂದು, ಆ ಕಡೆ ಒಂದು. ‘ನನಗೆ ಇದು ದೊಡ್ಡ ವಿಷಯ ಅಲ್ಲ’ ಅನ್ನುವವರಿಗೆ ಜಾಗವೇ ಇರಲಿಲ್ಲ. ನಾನು ಮತ್ತೆ ಒತ್ತಾಯ ಮಾಡಿ ಕೇಳಿದೆ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡಕ್ಕೆ ಒಪ್ಪುವ ಉತ್ತರ ಬಂತು. ನಮ್ಮ ಗುಂಪಿನ ಮರಾಠಿ ಹುಡುಗಿ ‘ನಮಸ್ಕಾರ ಮಾವಶಿ’ ಅಂತ ಒಳಗೆ ಹೋಗಿದ್ದರೆ ಅದೇ ಉತ್ತರ ಬರುತ್ತಿತ್ತು ಅಂತ ಎದೆ ಮುಟ್ಟಿ ಹೇಳಲಾರೆ.

ಪ್ರಶ್ನೆ: ಕರ್ನಾಟಕದಲ್ಲಿ ನೂರಕ್ಕೆ 77 ಹೆಂಗಸರು ಗಂಡ ಹೊಡೆಯುವುದು ಸರಿ ಅನ್ನುತ್ತಾರಂತೆ. ಪೇಪರಿನಲ್ಲಿ ಓದಿ ಊಟ ಸೇರಲಿಲ್ಲ. ನಾನೂ ಹೆಂಗಸು. ನಮ್ಮನ್ನು ಹೀಗೆ ಬರೆಯಬಹುದಾ?
— ಗೃಹಿಣಿ, ಇಂಡಿ ತಾಲ್ಲೂಕು

ಉತ್ತರ: ಅವ್ವಾ, ನಿಮ್ಮ ಸಂಕಟ ನನ್ನದೂ ಹೌದು. ಆ ಅಂಕಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. ಗಂಡಸರದ್ದು ಇನ್ನೂ ಜಾಸ್ತಿ, ನೂರಕ್ಕೆ ಸುಮಾರು 82. ಅಂಕಿ ಸುಳ್ಳಲ್ಲ, ಆದರೆ ಅದು ಹೇಗೆ ಹುಟ್ಟಿತು ಅಂತ ತಿಳಿದುಕೊಳ್ಳಬೇಕು. ಅಲ್ಲಿ ಏಳು ಸಂದರ್ಭಗಳನ್ನು ಒಂದೊಂದಾಗಿ ಓದುತ್ತಾರೆ. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ. ಏಳರಲ್ಲಿ ಆರಕ್ಕೆ ಇಲ್ಲ ಅಂದು ಒಂದಕ್ಕೆ ಹೌದು ಅಂದರೂ ಆ ಹೆಂಗಸು 77ರಲ್ಲಿ ಸೇರುತ್ತಾಳೆ. ತಲೆಬರಹದಲ್ಲಿ ‘ಹೊಡೆಯುವುದು ಸರಿ’ ಅಂತ ಮಾತ್ರ ಉಳಿಯುತ್ತದೆ. ಒಂದಕ್ಕಾದರೂ ಹೌದು ಅಂದರಲ್ಲ ಅನ್ನುವ ನೋವು ನನಗೂ ಇದೆ. ಅದು ಬೇರೆ ಮಾತು.

ಭಾಷೆಯ ತೊಡಕೂ ಇದೆ. ಇದು ಆ ದೊಡ್ಡ ಸಮೀಕ್ಷೆಯ ಮಾತಲ್ಲ, ನಾವೇ ಮಾಡಿದ ಒಂದು ಸಣ್ಣ ಸಮೀಕ್ಷೆಯ ಅನುಭವ. ನಮ್ಮ ಫಾರ್ಮಿನಲ್ಲಿ ‘ಹೊಡೆಯುವುದು ಸಮರ್ಥನೀಯವೇ’ ಅಂತ ಅಚ್ಚಾಗಿತ್ತು. ಯಾರಿಗೆ ಅರ್ಥವಾಗಬೇಕು? ನಮ್ಮ ಹುಡುಗಿಯರು ಅದನ್ನು ಸುಲಭ ಮಾಡಲು ಹೋಗಿ ‘ಹೊಡೀಬಹುದಾ?’ ಅಂತ ಕೇಳುತ್ತಿದ್ದರು. ನಮ್ಮ ‘ಬಹುದು’ವಿಗೆ ಎರಡು ಮುಖ. ಹೊಡೆಯಲು ಒಪ್ಪಿಗೆ ಇದೆ ಅನ್ನುವುದು ಒಂದು. ಮಳೆ ಬರಬಹುದು ಅಂದ ಹಾಗೆ, ಹೊಡೆದರೂ ಹೊಡೆದಾನು ಅನ್ನುವುದು ಇನ್ನೊಂದು. ಆ ಹೆಂಗಸರು “ಹೊಡೀತಾರ್ರಿ, ಯಾಕ ಹೊಡ್ಯಾಂಗಿಲ್ಲ?” ಅನ್ನುತ್ತಿದ್ದರು. ಅವರು ಹೇಳಿದ್ದು ತಮ್ಮ ಕಷ್ಟ. ನಾವು ಬರೆದುಕೊಂಡದ್ದು ಅವರ ಒಪ್ಪಿಗೆ. ಎರಡು ದಿನದ ಫಾರ್ಮು ಹಾಗೆ ತುಂಬಿದ ಮೇಲೆ ನನ್ನ ಕಿವಿಗೆ ಬಿತ್ತು. ಎಲ್ಲ ತೆಗೆದಿಟ್ಟು ಮತ್ತೆ ಮೊದಲಿಂದ ಕೇಳಿದೆವು.

ಇನ್ನು ನಿಮ್ಮ ತಾಲ್ಲೂಕಿನದೇ ಒಂದು ಮನೆ. ಲಿಂಬೆ ಹಣ್ಣಿನ ಹಂಗಾಮು. ಪಡಸಾಲೆಯ ತುಂಬ ಲಿಂಬೆ ಸುರಿದಿದ್ದರು. ಅತ್ತೆ ಸೊಸೆ ಕೂತು ದೊಡ್ಡದು, ಸಣ್ಣದು ಬೇರೆ ಮಾಡುತ್ತಿದ್ದರು. ನನಗೆ ಆಗ ಕೆಲಸ ಹೊಸತು, ಅತ್ತೆಯನ್ನು ಹೊರಗೆ ಕಳಿಸಬೇಕು ಅಂತಲೂ ಗೊತ್ತಿರಲಿಲ್ಲ. ಗಂಡ ಯಾವಾಗಲಾದರೂ ಕೈ ಎತ್ತಿದ್ದಾನಾ ಅಂತ ಕೇಳಿದೆ. “ಇಲ್ಲ ಬಿಡ್ರಿ” ಅಂದಳು ಸೊಸೆ. ಅತ್ತೆಯೂ “ನಮ್ಮ ಮನ್ಯಾಗ ಅಂಥಾದ್ದಿಲ್ಲ” ಅಂದರು. ಬರೆದುಕೊಂಡೆ. ಅಷ್ಟರಲ್ಲಿ ಹಣ್ಣು ಒಯ್ಯುವ ಟಂಟಂ ಬಂತು, ಅತ್ತೆ ಎದ್ದು ಹೊರಗೆ ಹೋದರು. ಸೊಸೆ ನನ್ನ ಕಡೆ ನೋಡಲಿಲ್ಲ. ಹಣ್ಣು ಆರಿಸುತ್ತಲೇ ಇದ್ದಳು. ಆಮೇಲೆ ಎಡಗೈ ಬಳೆಗಳನ್ನು ಮೊಣಕೈ ಕಡೆ ಸರಿಸಿದಳು. ಕೆಳಗೆ ಹಳದಿಗೆ ತಿರುಗಿದ ಬಾಸುಂಡೆ. “ಬರೀಬ್ಯಾಡ್ರಿ” ಅಂದಳು. ಬಳೆ ಮತ್ತೆ ಕೆಳಗೆ ಬಂದವು. ನಾನು ಬರೆಯಲಿಲ್ಲ. ಆ ಫಾರ್ಮಿನಲ್ಲಿ ಅವಳ ‘ಇಲ್ಲ’ ಹಾಗೆಯೇ ಉಳಿಯಿತು. ಎಲ್ಲಿಯೋ ಒಂದು ಕಂಪ್ಯೂಟರಿನಲ್ಲಿ ಈಗಲೂ ‘ಇಲ್ಲ’ ಅಂತಲೇ ಇರಬೇಕು.

ಕುಟುಂಬ ಆರೋಗ್ಯ ಸಮೀಕ್ಷೆಯವರು ಇದಕ್ಕೇ ಕಟ್ಟುನಿಟ್ಟು ಮಾಡಿದ್ದಾರೆ. ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಬೇರೆ ಯಾರೂ ಇಲ್ಲದಾಗ ಕೇಳಬೇಕು. ಏಕಾಂತ ಸಿಗದಿದ್ದರೆ ಕೇಳುವ ಹಾಗೇ ಇಲ್ಲ. ಆದರೂ ಅಂಕಿ ಹೇಗೆ ಏರುಪೇರಾಗುತ್ತದೆ ನೋಡಿ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದ ಕರ್ನಾಟಕದ ಹೆಂಗಸರು 2015-16ರಲ್ಲಿ ನೂರಕ್ಕೆ 20.6. ಅದರ ಮುಂದಿನ ಸಮೀಕ್ಷೆಯಲ್ಲಿ 44.4. ನಾಲ್ಕೈದು ವರ್ಷದಲ್ಲಿ ನಮ್ಮ ಗಂಡಸರು ಎರಡು ಪಟ್ಟು ಕೆಟ್ಟುಹೋದರಾ? ನನಗೆ ಹಾಗೆ ಅನಿಸುವುದಿಲ್ಲ. ಮೊದಲ ಸಲ ‘ಇಲ್ಲ ಬಿಡ್ರಿ’ ಅಂದವರಲ್ಲಿ ಎಷ್ಟೋ ಮಂದಿಗೆ ಎರಡನೇ ಸಲ ಹೇಳಿಕೊಳ್ಳಲು ಯಾರೋ ಸಿಕ್ಕಿರಬೇಕು. ‘ಹಿಂಸೆ ಹೆಚ್ಚಾಯಿತು’ ಅಂತ ಪೇಪರು ಬರೆದರೆ, ಹೇಳುವವರು ಹೆಚ್ಚಾದರೇ ಅಂತಲೂ ಕೇಳಿಕೊಳ್ಳಿ. ಇದನ್ನು ಓದುವ ಯಾರಿಗಾದರೂ ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ. ಇಂಡಿಯ ಆ ಮನೆಗೆ ಹೋದಾಗ ನನ್ನ ಕೈಯಲ್ಲಿ ಕೊಡಲು ಇಷ್ಟೂ ಇರಲಿಲ್ಲ.

ಪ್ರಶ್ನೆ: ಹಾಗಾದರೆ ಇಂಥ ವಿಷಯ ಕೇಳಲು ದಾರಿಯೇ ಇಲ್ಲವೇ?
— ಪಿಯು ಉಪನ್ಯಾಸಕರು, ಬಾಗಲಕೋಟೆ

ಉತ್ತರ: ಇದೆ ಸರ್. ಸ್ಟ್ಯಾನ್ಲಿ ವಾರ್ನರ್ ಎಂಬುವರು 1965ರಲ್ಲಿ ಒಂದು ಉಪಾಯ ಹೇಳಿದರು. ಅದರ ಸುಲಭದ ರೂಪ ಹೀಗಿದೆ. ಉತ್ತರ ಕೊಡುವವರು ನಮಗೆ ಕಾಣದ ಹಾಗೆ ನಾಣ್ಯ ಚಿಮ್ಮಬೇಕು. ಸಿಂಹ ಬಿದ್ದರೆ ನಿಜ ಏನೇ ಇರಲಿ, ‘ಹೌದು’ ಅನ್ನಬೇಕು. ಅಂಕಿ ಬಿದ್ದರೆ ನಿಜ ಹೇಳಬೇಕು. ಒಬ್ಬರು ಹೌದು ಅಂದರೆ ಅದು ನಾಣ್ಯದ ಹೌದೋ, ಮನಸ್ಸಿನ ಹೌದೋ ನಮಗೆ ಗೊತ್ತಾಗುವುದಿಲ್ಲ. ಆದರೆ ಗುಂಪಿನ ಲೆಕ್ಕ ಸಿಗುತ್ತದೆ. ನೂರು ಜನರಲ್ಲಿ 70 ಹೌದು ಬಂದವು ಅಂತ ಇಟ್ಟುಕೊಳ್ಳಿ. ಸುಮಾರು 50 ನಾಣ್ಯದ್ದು. ಉಳಿದ 50 ಜನರಲ್ಲಿ 20 ನಿಜವಾದ ಹೌದು, ಅಂದರೆ ನೂರಕ್ಕೆ 40. ನಿಮ್ಮ ತರಗತಿಯಲ್ಲಿ ಕಾಪಿ ಹೊಡೆಯುವ ಬಗ್ಗೆ ಮಾಡಿ ನೋಡಿ, ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಸಣ್ಣ ಗುಂಪಿನಲ್ಲಿ ಮಾತ್ರ ಲೆಕ್ಕ ಹಿಂದೆ ಮುಂದೆ ಆಗುತ್ತದೆ. ನಾಣ್ಯ ಸರಿಯಾಗಿ ಅರ್ಧರ್ಧ ಬೀಳಬೇಕಲ್ಲ.

ಇಳಕಲ್ಲಿನಲ್ಲಿ ಮಹಿಳಾ ಸಂಘದ ಸಭೆಯೊಂದರಲ್ಲಿ ಹುಂಡಾದ ಬಗ್ಗೆ ಇದನ್ನು ಮಾಡಿದೆವು. ‘ವರದಕ್ಷಿಣೆ ಕೊಟ್ಟಿದ್ದೀರಾ’ ಅಂತ ನೇರವಾಗಿ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. 1961ರ ಕಾನೂನಿನಲ್ಲಿ ತೆಗೆದುಕೊಂಡವರ ಜೊತೆ ಕೊಟ್ಟವರಿಗೂ ಶಿಕ್ಷೆ ಇದೆ ಅಂತ ಅವರಿಗೆ ಗೊತ್ತು. ‘ಮಗಳಿಗೆ ಎಷ್ಟು ಬಂಗಾರ ಹಾಕಿದಿರಿ’ ಅಂದರೆ ಅದೇ ಜನ ತೊಲಿ, ಗ್ರಾಂ ಸಮೇತ ಹೇಳುತ್ತಾರೆ. ಅವತ್ತು ಎಲ್ಲರ ಕೈಗೂ ಒಂದೊಂದು ರೂಪಾಯಿ ಕೊಟ್ಟೆ. “ನಾಣ್ಯ ನೀ ನೋಡಾಂಗಿಲ್ಲ ಹೌದಲ್ಲೋ?” ಅಂತ ಮೂರು ಸಲ ಕೇಳಿದರು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಸೆರಗಿನ ಮರೆಯಲ್ಲಿ ನಾಣ್ಯಗಳ ಸಪ್ಪಳ, ಗುಸುಗುಸು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯಾಕೆ ನಾಣ್ಯ ಚಿಮ್ಮಲೇ ಇಲ್ಲ. ಬೆನ್ನು ಮುಟ್ಟಿ ನನ್ನನ್ನು ತಿರುಗಿಸಿಕೊಂಡರು. “ನಾಣ್ಯ ನನಗ ಬ್ಯಾಡವ್ವ. ಬರ್ಕೋ. ನಾಕ ತೊಲಿ, ಒಂದು ಗಾಡಿ, ಮ್ಯಾಲ ಎರಡೆಕರೆ ಹೊಲ ಮಾರಿದ್ದು” ಅಂದರು. ರೂಪಾಯಿಯನ್ನು ಚಾಪೆಯ ಮೇಲೆ ಇಟ್ಟರು. ಅವರ ಹಿಂದೆ ಕೂತವಳು ತನ್ನ ಮುಚ್ಚಿದ ಮುಷ್ಟಿ ನೋಡಿಕೊಂಡಳು. ಆಮೇಲೆ ಅವಳೂ ರೂಪಾಯಿಯನ್ನು ಅದರ ಪಕ್ಕಕ್ಕೆ ಇಟ್ಟಳು.